ಜೋಡಿಗಣ್ಣಿನ ಪೆಟ್ಟಿಗೆ

ಬೆಲ್ಲ ಕಾಯುವ ವಾಸನೆಯೆಂದರೆ ನಮ್ಮ ಸೀಮೆಯವರಿಗೆ ಹೆಮ್ಮೆ. ಮೈಸೂರಿನಿಂದ ಬರುವ ರೈಲು ಮಂಡ್ಯ ದಾಟಿದ್ದೇ ತಡ, ಸಂಕ್ರಾಂತಿಯ ದಿನಗಳಲ್ಲಿ ಆ ವಾಸನೆ ಕಿಟಕಿಗಳಿಂದ ಒಳಗೆ ನುಗ್ಗುತ್ತದೆ. ಗುರುತಿಲ್ಲದವರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಆಲೆಮನೆಗಳು ಶುರುವಾದವು ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಮಕ್ಕಳು ಮೂಗು ಹೊರಗೆ ಚಾಚುತ್ತವೆ. ಈ ಸಲ ಹಬ್ಬಕ್ಕೆ ಊರಿಗೆ ಹೊರಟಾಗ ನಾನು ಎದ್ದು ನನ್ನ ಪಕ್ಕದ ಕಿಟಕಿಯನ್ನು ಮುಚ್ಚಿದೆ. ಎದುರಿಗೆ ಕುಳಿತಿದ್ದ ಮುದುಕಿಯೊಬ್ಬಳು, “ಯಾಕವ್ವ, ಇಂತಾ ಗಮಲು ನಿಂಗೆ ಬ್ಯಾಡ್ವಾ?” ಎಂದಳು. ಹೊಗೆ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ. ನನಗೆ ಆಗದಿರುವುದು ಹೊಗೆಯಲ್ಲ. ಆ ಸಿಹಿಯ ಅಡಿಯಲ್ಲಿ ನನಗೆ ಇನ್ನೊಂದು ವಾಸನೆ ಬರುತ್ತದೆ, ಸುಟ್ಟ ತೊಗಲಿನದು, ಅದರ ಜೊತೆಗೆ ಕರ್ಪೂರದ್ದು. ಆ ಡಬ್ಬಿಯಲ್ಲಿದ್ದ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಐದು ವರ್ಷವಾದರೂ ಅದು ನನ್ನ ಮೂಗಿನಿಂದ ಹೋಗಿಲ್ಲ, ಹೋಗಲಿ ಎಂಬ ಆಸೆಯೂ ನನಗಿಲ್ಲ. ಮರೆತವರು ನಮ್ಮ ಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಊರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ನಾಲೆಯ ಏರಿಯ ಕೆಳಗಿದೆ. ನಾನು ಹುಟ್ಟಿದಾಗ ಅದು ರಾಗಿಯ ಊರು. ನಾಲೆಯ ನೀರು ಬಂದ ಮೇಲೆ ಕಬ್ಬಿನ ಊರಾಯಿತು. ಮನೆ ಮಾತ್ರ ಹಳೆಯದೇ: ನಡುವೆ ಬಿಸಿಲು ಬೀಳುವ ತೊಟ್ಟಿ, ಸುತ್ತ ಕಂಬದ ಪಡಸಾಲೆ, ಅದರ ಹಿಂದೆ ಕಿಟಕಿಯೇ ಇಲ್ಲದ ಒಂದು ಕತ್ತಲೆ ಕೋಣೆ. ಆ ಕೋಣೆಯಲ್ಲಿ ಆಳೆತ್ತರದ ಮಣ್ಣಿನ ವಾಡೆಗಳಲ್ಲಿ ರಾಗಿ ತುಂಬಿಡುತ್ತಿದ್ದರು. ಮನೆಯ ಯಜಮಾನರು ದೊಡ್ಡಪ್ಪ. ನನ್ನ ಅಪ್ಪ ಎರಡನೆಯವನು. ಅಣ್ಣನ ಎದುರು ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಕೊನೆಯವನು ಚಿಕ್ಕಪ್ಪ. ದೊಡ್ಡಪ್ಪ ಕೆಟ್ಟವರಾಗಿದ್ದರು ಎಂದು ನಾನು ಹೇಳುವುದಿಲ್ಲ. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ಸುಲಭದ ದಾರಿ ಸಿಗುತ್ತಿತ್ತು. ಅವರು ಊರಿನ ಎಲ್ಲ ಯಜಮಾನರ ಹಾಗೆ ಇದ್ದರು. ಮಳೆ, ಬೆಳೆ, ಮದುವೆ, ಸಾವು, ಯಾವುದಕ್ಕೂ ಅವರಲ್ಲಿ ತಯಾರಾದ ಒಂದು ಮಾತು ಇರುತ್ತಿತ್ತು, ಆ ಮಾತಿನ ಮೇಲೆ ಇನ್ನೊಂದು ಮಾತು ಇರುತ್ತಿರಲಿಲ್ಲ.

ಹೆಂಗಸರ ಪಟ ತೆಗೆಸಬಾರದು ಎನ್ನುವುದು ಅಂಥ ಒಂದು ಮಾತು. ಪಟ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎನ್ನುವುದು ಒಂದು ಕಾರಣ. ಪರಗಂಡಸು ನೆಟ್ಟ ಕಣ್ಣಿನಿಂದ ಮನೆಯ ಹೆಣ್ಣಿನ ಮುಖ ನೋಡಬಾರದು ಎನ್ನುವುದು ಇನ್ನೊಂದು. ಆದರೆ ಸತ್ತ ಮೇಲೆ ಇವೆರಡೂ ಕಾರಣಗಳು ಬಿದ್ದುಹೋಗುತ್ತಿದ್ದವು. ನಮ್ಮಲ್ಲಿ ಹೆಣವನ್ನು ಹೇಗೂ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅದನ್ನೇ ಎತ್ತಿ ಕುರ್ಚಿಯ ಮೇಲಿಟ್ಟು, ಹೊಸ ಸೀರೆ ಉಡಿಸಿ, ಕುಂಕುಮವಿಟ್ಟು, ಹೂ ಮುಡಿಸಿ, ಮಂಡ್ಯದಿಂದ ಸ್ಟುಡಿಯೋದವನನ್ನು ಕರೆಸುತ್ತಿದ್ದರು. ಆತ ಪಟ ತೆಗೆದುಕೊಂಡು ಹೋಗಿ, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದು, ಕಟ್ಟು ಹಾಕಿಸಿ ಕಳಿಸುತ್ತಿದ್ದ. ಊರಿನ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಅಂಥ ಒಬ್ಬಳಾದರೂ ಇದ್ದಳು. ಎಲ್ಲರನ್ನೂ ಬರೆದವನು ಅವನೇ ಆದ್ದರಿಂದ ಎಲ್ಲರಿಗೂ ಒಂದೇ ಕಣ್ಣು. ದುಂಡಗೆ, ಕಪ್ಪಗೆ, ಯಾವುದಕ್ಕೋ ಬೆಚ್ಚಿದ ಹಾಗೆ. ಸತ್ತ ಹೆಂಗಸರಿಗೆ ಹೊಸ ಕಣ್ಣು ಬರುತ್ತದೆ ಎಂದೇ ಚಿಕ್ಕಂದಿನಲ್ಲಿ ನಾವು ತಿಳಿದಿದ್ದೆವು.

ಇಂಥ ಮನೆಗೆ ಚಿಕ್ಕಪ್ಪ ಜರ್ಮನಿಯ ಕ್ಯಾಮೆರಾಗಳನ್ನು ತಂದ. ಅವನು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗದ್ದೆ ಅಳೆಯುವ ಕೆಲಸದಲ್ಲಿದ್ದ. ಸಂಬಳದಲ್ಲಿ ಬೇರೆಯವರು ಉಂಗುರ ಮಾಡಿಸಿಕೊಂಡರೆ ಇವನು ಹಳೆಯ ಕ್ಯಾಮೆರಾ ಹುಡುಕುತ್ತಿದ್ದ. ಮೊದಲನೆಯದು ಹಿತ್ತಾಳೆ ಮೂತಿಯ ಮರದ ಪೆಟ್ಟಿಗೆ, ಹಿಂದಿನ ಯುದ್ಧಕ್ಕೂ ಮುಂಚಿನದು. ಮೈಸೂರಿನಲ್ಲಿ ಯಾರೋ ದೊಡ್ಡವರ ಮನೆಯ ಸಾಮಾನು ಹರಾಜಾದಾಗ ಸಿಕ್ಕಿದ್ದು. ಇಂಥದ್ದನ್ನು ಈಗ ಜರ್ಮನಿಯಲ್ಲೂ ಮಾಡುವುದಿಲ್ಲ ಎಂದು ಅದರ ಬೆನ್ನು ಸವರುತ್ತಿದ್ದ. ಎರಡನೆಯದು ಜೇಬಿನಲ್ಲಿ ಹಿಡಿಸುವಂಥದ್ದು. ಒಂದು ಗುಂಡಿ ಒತ್ತಿದರೆ ಬಾಯಿ ತೆರೆದು ಕಪ್ಪು ತೊಗಲಿನ ತಿದಿ ಮುಂದೆ ಬರುತ್ತಿತ್ತು. ನಾವು ಮಕ್ಕಳು ಅದನ್ನು ಹಾರ್ಮೋನಿಯಂ ಎನ್ನುತ್ತಿದ್ದೆವು. ಮೂರನೆಯದು ಜೋಡಿಗಣ್ಣಿನದು, ಒಂದರ ಮೇಲೊಂದು ಎರಡು ಗಾಜು. ಮಂಡ್ಯದಲ್ಲಿ ಯಂತ್ರ ಕೂರಿಸಲು ಬಂದಿದ್ದ ಒಬ್ಬ ಜರ್ಮನ್ ಫಿಟ್ಟರ್ ಊರಿಗೆ ಹೊರಡುವಾಗ ಚಿಕ್ಕಪ್ಪನಿಗೆ ಮಾರಿಹೋದದ್ದು. ಅದು ಮನೆಗೆ ಬಂದ ದಿನ ದೊಡ್ಡಪ್ಪ ಪಡಸಾಲೆಯಲ್ಲಿ ಕುಳಿತು, “ಅಲ್ಲ ಕಣ್ಲಾ, ಅದೇ ದುಡ್ನಾಗೆ ಒಂದು ಎಮ್ಮೆ ತಂದಿದ್ರೆ ಆಲಾದ್ರೂ ಕರೀತಿತ್ತು. ಇದೇನ್ಲಾ ಕರೀತದೆ?” ಎಂದರು. ಚಿಕ್ಕಪ್ಪ ತಲೆ ಎತ್ತದೆ, “ಬೆಳ್ಕು ಕರೀತದೆ ಅಣ್ಣಯ್ಯ” ಎಂದ. ಆಳುಗಳೆಲ್ಲ ನಕ್ಕರು. ದೊಡ್ಡಪ್ಪ ನಗಲಿಲ್ಲ. ಆ ನಗುವನ್ನು ಅವರು ಎಲ್ಲೋ ಎತ್ತಿಟ್ಟುಕೊಂಡರು ಎಂದು ನನಗೆ ಈಗ ಅನ್ನಿಸುತ್ತದೆ.

ಆ ಕ್ಯಾಮೆರಾಗಳನ್ನು ಸಾಕುವುದು ಎಂದೇ ಹೇಳಬೇಕು. ನಾಲೆ ಬಂದ ಮೇಲೆ ನಮ್ಮ ಗೋಡೆಗಳಿಗೆಲ್ಲ ತೇವ ಹಿಡಿದಿತ್ತು. ಗಾಜುಗಳೊಳಗೆ ಜೇಡರ ಬಲೆಯಂಥ ಬೂಸು ಬೆಳೆಯುತ್ತದೆಂದು ಚಿಕ್ಕಪ್ಪ ಅಕ್ಕಿಯನ್ನು ಕೆಂಪಗೆ ಹುರಿದು, ಬಟ್ಟೆಯ ಗಂಟು ಕಟ್ಟಿ, ಕಬ್ಬಿಣದ ಟ್ರಂಕಿನಲ್ಲಿ ಅವುಗಳ ಪಕ್ಕ ಇಡುತ್ತಿದ್ದ. ಗಂಟು ಮೆತ್ತಗಾದರೆ ಮತ್ತೆ ಹುರಿಯಬೇಕು. “ಮನುಸ್ರಿಗೆ ಕಸಾಯ ಕಾಯ್ಸೋಕೆ ಪುರಸೊತ್ತಿಲ್ಲ, ಈ ಡಬ್ಬಗಳ ನೆಗಡಿಗೆ ಅಕ್ಕಿ ಉರ್ಕೊಡ್ಬೇಕಂತೆ” ಎಂದು ದೊಡ್ಡವ್ವ ಗೊಣಗುತ್ತಲೇ ಹುರಿದುಕೊಡುತ್ತಿದ್ದಳು. ಭಾನುವಾರಗಳಲ್ಲಿ ತೊಟ್ಟಿಯಲ್ಲಿ ಚಾಪೆ ಹಾಸಿ, ಹಪ್ಪಳ ಒಣಗಿಸುವ ಹಾಗೆ ಅವನ್ನು ಎಳೆಬಿಸಿಲಿಗೆ ಸಾಲಾಗಿ ಇಡುತ್ತಿದ್ದ. ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ತಿದಿಯ ಮಡಿಕೆಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ಬಿಸಿಲಿಗೆ ತೊಗಲು ಕಾದಾಗ ಒಂದು ವಾಸನೆ ಬರುತ್ತಿತ್ತು, ಎಣ್ಣೆ, ಹಿತ್ತಾಳೆ, ಹುರಿದ ಅಕ್ಕಿ ಎಲ್ಲ ಸೇರಿದ್ದು. ಕಾಗೆ ಬಾರದಂತೆ ಕೋಲು ಹಿಡಿದು ಕೂರುವುದು ನನ್ನ ಕೆಲಸ. ಆ ಬೆಳಗುಗಳಲ್ಲಿ ನಮ್ಮ ಮನೆ ಎಷ್ಟು ಸಮಾಧಾನವಾಗಿತ್ತು ಎಂದು ನೆನೆದರೆ, ಮುಂದೆ ಆದದ್ದು ಅದೇ ತೊಟ್ಟಿಯಲ್ಲಿ, ಅಂಥದೇ ಬಿಸಿಲಿನಲ್ಲಿ ಆಯಿತಲ್ಲ ಎಂದು ಮೈ ಉರಿಯುತ್ತದೆ.

ಜೋಡಿಗಣ್ಣಿನದರಲ್ಲಿ ಒಂದು ಅನುಕೂಲವಿತ್ತು. ಅದನ್ನು ಮುಖಕ್ಕೆ ಹಿಡಿಯಬೇಕಾಗಿಲ್ಲ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ತಗ್ಗಿಸಿ ಒಳಗೆ ನೋಡಬೇಕು. ನೋಡಿದವರಿಗೆ ಅವನು ಏನೋ ರಿಪೇರಿ ಮಾಡುತ್ತಿದ್ದಾನೆ ಅನ್ನಿಸುತ್ತಿತ್ತು. ಹೀಗೆ ಚಿಕ್ಕಪ್ಪ ದೊಡ್ಡಪ್ಪನ ಕಣ್ಣೆದುರಿಗೇ ಮನೆಯ ಹೆಂಗಸರ ಪಟ ತೆಗೆದ. ಕೇಳದೆ ತೆಗೆಯಲಿಲ್ಲ. ಕೇಳಿಕೊಂಡವಳು ಅವ್ವ. ಅವಳ ಒಬ್ಬಳೇ ತಂಗಿ ಮಳವಳ್ಳಿಯಲ್ಲಿ ಬಾಣಂತಿಯಾಗಿ ತೀರಿಕೊಂಡಿದ್ದಳು. ಗೋಡೆಯ ಮೇಲೆ ಆ ಮಂಡ್ಯದ ಕಣ್ಣುಗಳೊಂದಿಗೆ ನೇತಾಡುತ್ತಿದ್ದಳು. ಅದನ್ನು ನೋಡಿ ಬಂದ ಮೇಲೆ ಅವ್ವ ಚಿಕ್ಕಪ್ಪನಿಗೆ ಹೇಳಿದ ಮಾತನ್ನು ನಾನು ಅಲ್ಲೇ ಇದ್ದು ಕೇಳಿದೆ. “ಸತ್ ಮ್ಯಾಲೆ ಆ ಮಂಡ್ಯದೋನು ಬರ್ಯೋ ಕಣ್ಣು ನಂಗ್ ಬ್ಯಾಡ ಕಣಪ್ಪ. ನನ್ ತಂಗಿ ನನ್ನೇ ಗುರ್ತಿಡೀದಂಗೆ ನೋಡ್ತಾವ್ಳೆ. ನಾನು ಕಣ್ಬುಟ್ಕಂಡಿರೋವಾಗ್ಲೇ ಒಂದು ತಗ್ದಿಡು.” ಅವ್ವ ತನಗಾಗಿ ಯಾರನ್ನಾದರೂ ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಇದೊಂದೇ.

ಅವರೆಕಾಯಿಯ ಕಾಲ. ದೊಡ್ಡಪ್ಪ ಗದ್ದೆಗೆ ಹೋಗಿದ್ದರು. ಅವ್ವ ತೊಟ್ಟಿಯ ಬಿಸಿಲಿಗೆ ಬೆನ್ನು ಕೊಟ್ಟು ಕಾಯಿ ಸುಲಿಯುತ್ತಿದ್ದವಳು, ಚಿಕ್ಕಪ್ಪ ಹೇಳಿದನೆಂದು ಈ ಕಡೆ ತಿರುಗಿ ಕುಳಿತಳು. ಅವನು ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿ, ಹಿಂದೆ ನಿಂತು ಅದರ ಭಾರವನ್ನು ತಾನು ಹಿಡಿದುಕೊಂಡ. ಮೇಲಿನ ಗಾಜು ನೋಡುವುದಕ್ಕೆ, ಕೆಳಗಿನದು ನೆನಪಿಟ್ಟುಕೊಳ್ಳುವುದಕ್ಕೆ, ಮೇಲಿನದರಲ್ಲಿ ಎಡ ಬಲವಾಗಿ ಬಲ ಎಡವಾಗಿ ಕಾಣುತ್ತದೆ, ಹೆದರಬೇಡ ಎಂದ. ತಲೆ ತಗ್ಗಿಸಿ ನೋಡಿದೆ. ಉಜ್ಜಿದ ಗಾಜಿನ ಮೇಲೆ, ನನ್ನ ಅಂಗೈಗಿಂತ ಚಿಕ್ಕ ಚೌಕದಲ್ಲಿ, ಅವ್ವ ಹೊಳೆಯುತ್ತಿದ್ದಳು. ಅಷ್ಟು ಬಣ್ಣ, ಅಷ್ಟು ಬೆಳಕು ನಮ್ಮ ತೊಟ್ಟಿಯಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅವಳ ಕಣ್ಣು ಜೇನಿನ ಬಣ್ಣದ್ದು. ಅದೂ ಆವತ್ತೇ ತಿಳಿದದ್ದು. ನಾನು ಬಲಕ್ಕೆ ಸರಿದರೆ ಅವಳು ತಪ್ಪಾದ ಕಡೆಗೆ ಜಾರುತ್ತಿದ್ದಳು. ನನಗೆ ನಗು ಬಂತು. “ಏನ್ ಉಡುಕ್ತಿದ್ದೀಯೇ ಅದ್ರೊಳಗೆ?” ಎಂದಳು. ನಿನ್ನನ್ನೇ ಅಂದೆ. “ನಾನ್ ಇಲ್ಲೇ ಕೂತಿಲ್ವೇನೇ ಕತ್ತೆ, ಅಲ್ಲಿ ಉಡುಕ್ತೀಯ!” ಎಂದು ನಕ್ಕಳು. ನಕ್ಕಾಗ ಅವಳ ಒಂದೇ ಕೆನ್ನೆಗೆ ಗುಳಿ ಬೀಳುತ್ತಿತ್ತು. ಆ ಗುಳಿ ಬಿದ್ದ ಹೊತ್ತಿಗೇ ಚಿಕ್ಕಪ್ಪ ನನ್ನ ಬೆರಳನ್ನು ಒತ್ತಿಸಿದ. ಹಲ್ಲಿ ಲೊಚಗುಟ್ಟಿದಷ್ಟೇ ಸದ್ದಾಯಿತು. “ಅಗೋ, ಅಲ್ಲಿ ಲೊಚಗುಟ್ತು. ನಾನ್ ಕೇಳಿದ್ದು ನಿಜ ಆಯ್ತದೆ ಬುಡು” ಎಂದು ಅವ್ವ ಮತ್ತೆ ಕಾಯಿಯ ಕಡೆ ತಿರುಗಿದಳು.

ಅದಾದ ಮೇಲೆ ಚಿಕ್ಕಪ್ಪ ಇನ್ನೂ ಎಷ್ಟೋ ಪಟ ತೆಗೆದ: ಒನಕೆ ಹಿಡಿದ ಅವ್ವ, ತಲೆ ಒಣಗಿಸಿಕೊಳ್ಳುವ ಅವ್ವ, ದೊಡ್ಡವ್ವನ ಜೊತೆ ಏನೋ ಗುಟ್ಟು ಹೇಳಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ಅವ್ವ. ಯಾವುದನ್ನೂ ಅವಳು ನೋಡಲಿಲ್ಲ. ಇಲ್ಲಿ ನನಗೆ ಚಿಕ್ಕಪ್ಪನ ಮೇಲೂ ಸಿಟ್ಟಿದೆ, ಅದನ್ನು ಬಚ್ಚಿಡುವುದಿಲ್ಲ. ಎತ್ತುಗಳ, ನಾಲೆಯ, ಕಬ್ಬಿನ ಗಾಡಿಗಳ ರೋಲುಗಳನ್ನು ಅವನು ಮಂಡ್ಯದ ಸ್ಟುಡಿಯೋಗೆ ಕೊಟ್ಟು ತೊಳೆಸಿ ತರುತ್ತಿದ್ದ. ಹೆಂಗಸರ ರೋಲುಗಳನ್ನು ಕೊಡಲಿಲ್ಲ. ಮನೆಯ ಹೆಣ್ಣುಮಕ್ಕಳ ಮುಖ ಆ ಸ್ಟುಡಿಯೋದವನ ಕೈಗೆ ಹೋಗಬಾರದು, ತಾನೇ ಮನೆಯಲ್ಲಿ ತೊಳೆಯಬೇಕು ಎಂದು ಅವನ ಹಟ. ವಾಡೆಗಳಿದ್ದ ಕತ್ತಲೆ ಕೋಣೆಯನ್ನು ಅದಕ್ಕೆ ಸಜ್ಜು ಮಾಡಿದ್ದ, ಬೋಗುಣಿಗಳನ್ನೂ ತಂದಿದ್ದ. ಅಷ್ಟರಲ್ಲಿ ಯುದ್ಧ ಶುರುವಾಗಿ ತೊಳೆಯುವ ಔಷಧಿಗಳು ಬೆಂಗಳೂರಿನಲ್ಲೂ ಸಿಗದಾದವು. ನಾಳೆ ಬರುತ್ತದೆ, ಬರುವ ತಿಂಗಳು ಬರುತ್ತದೆ ಎಂದು ಕಾದ. ತಗಡಿನ ಡಬ್ಬಿಗಳಲ್ಲಿ ಅವ್ವ ಸುತ್ತಿಕೊಂಡು ಕುಳಿತಳು. ದೇಶದ ಹೊರಗಿನಿಂದ ಇಂಥ ಸೂಕ್ಷ್ಮವಾದ ಯಂತ್ರಗಳನ್ನು ತಂದು ಸಾಕಿದವನು, ತನ್ನೊಳಗೆ ದೊಡ್ಡಪ್ಪನ ಮಾತೇ ಕುಳಿತಿರುವುದನ್ನು ಕಾಣಲಿಲ್ಲ.

ಸಂಕ್ರಾಂತಿ ಮುಗಿದ ವಾರ. ಊರಿನ ಪಟೇಲರು ಮದ್ದೂರು ಸಂತೆಯಿಂದ ಒಂದು ಸುದ್ದಿ ಹೊತ್ತು ತಂದರು. “ಜರ್ಮನ್ನೋರ ಸಾಮಾನು ಮಡಿಕ್ಕಂಡಿರೋರ್ನ ಪೊಲೀಸ್ನೋರು ಇಡ್ಕಂಡೋಯ್ತಾವ್ರಂತೆ ಗೌಡ್ರೆ. ಅದ್ರಾಗಿಂದ ಇಲ್ಲೀದೆಲ್ಲ ಅಲ್ಲಿಗೆ ಕಾಣ್ತದಂತೆ.” ಹಾಗೆ ಯಾರನ್ನೂ ಹಿಡಿದುಕೊಂಡು ಹೋಗಲಿಲ್ಲ, ನಮ್ಮ ಬೀದಿಗೆ ಒಬ್ಬ ಪೇದೆಯೂ ಬರಲಿಲ್ಲ. ಆದರೆ ದೊಡ್ಡಪ್ಪ ಆ ಬೆಳಗ್ಗೆಯೇ ಟ್ರಂಕನ್ನು ತೊಟ್ಟಿಗೆ ಎಳೆಸಿದರು. ಚಿಕ್ಕಪ್ಪ ಕೆಲಸಕ್ಕೆ ಹೊರಟಿದ್ದವನು ಬಾಗಿಲಲ್ಲೇ ನಿಂತ. ದೊಡ್ಡಪ್ಪನಿಗೆ ಪೊಲೀಸರ ಭಯಕ್ಕಿಂತ ಹೆಚ್ಚಾಗಿ ಇನ್ನೊಂದು ಚಿಂತೆ ಹತ್ತಿತ್ತು. ಪೊಲೀಸರು ಬಂದು ತೆಗೆದು ನೋಡಿದರೆ ಒಳಗೆ ಯಾರ ಪಟ ಇರಬಹುದು? ಅವರಿಗೆ ಅನುಮಾನ ಮೊದಲಿನಿಂದಲೂ ಇತ್ತು. “ಯಾರ್ ಯಾರ ಮಕ ಅವ್ಲಾ ಇದ್ರಾಗೆ? ನಮ್ ಎಣ್ಮಕ್ಕಳದ್ದೂ ಅವಾ?” ಎಂದು ಕೇಳುತ್ತ ಒಂದು ಡಬ್ಬಿಯ ಮುಚ್ಚಳ ತೆಗೆದು, ರೋಲಿನ ತುದಿ ಹಿಡಿದು, ಬಾವಿಯ ಹಗ್ಗ ಎಳೆಯುವ ಹಾಗೆ ಸರಸರನೆ ಎಳೆದರು.

“ಅಣ್ಣಯ್ಯ, ಬಿಸ್ಲು!” ಎಂದು ಚಿಕ್ಕಪ್ಪ ಕೂಗಿದ. ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರೋ ಮಗುವನ್ನು ನೀರಿಗೆ ಎತ್ತಿ ಹಾಕಿದಾಗ ಕೂಗುವ ಹಾಗೆ. ತೊಳೆಯದ ರೋಲಿಗೆ ಬೆಳಕು ತಾಗಬಾರದೆಂದು ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. ಬಿಸಿಲು ಇರುವುದಕ್ಕೇ ಅಲ್ಲವೇ ಕಾಣುವುದು? ಎರಡೂ ಕೈಯಿಂದ ರೋಲನ್ನು ಸೂರ್ಯನಿಗೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಮೇಲಿನಿಂದ ಕೆಳಗೆ ನೋಡಿದರು. “ಏನೂ ಇಲ್ವಲ್ಲಾ! ಬರೀ ಬೂದಿ ಬಣ್ಣ!” ಎಂದರು. ನಂಬಿಕೆ ಬರದೆ ಇನ್ನೊಂದನ್ನು ತೆಗೆದರು. ಮತ್ತೊಂದನ್ನು. ಅವ್ವನ ಮುಖವನ್ನು ಹುಡುಕುತ್ತ ಹುಡುಕುತ್ತಲೇ, ನೋಡಿ ನೋಡಿಯೇ, ಅವರು ಅದನ್ನು ಅಳಿಸಿದರು. ಜೋಡಿಗಣ್ಣಿನದರ ಬೆನ್ನು ತೆರೆಯಲು ಬಾರದೆ ಕಲ್ಲಿಗೆ ಕುಟ್ಟಲು ಹೋದಾಗ ಚಿಕ್ಕಪ್ಪನೇ ಬಂದು ತೆರೆದುಕೊಟ್ಟ. ಅದರೊಳಗಿನ ಅರ್ಧ ರೋಲನ್ನು ಎಳೆದು ಅವನೇ ಅಣ್ಣನ ಕೈಗೆ ಹಾಕಿದ. ಅಪ್ಪ ಕಂಬ ಹಿಡಿದು ನಿಂತಿದ್ದ. ಆ ಕಂಬದಷ್ಟೇ ಮಾತಾಡಿದ.

ದೊಡ್ಡವ್ವ ಒಬ್ಬಳು ಬಾಯಿಬಿಟ್ಟಳು. ದೊಡ್ಡಪ್ಪ ದಿನವೂ ಕಾಫಿ ಕುಡಿಯುತ್ತಿದ್ದುದು ಜರ್ಮನ್ ಸಿಲ್ವರಿನ ಲೋಟದಲ್ಲಿ. ಅದನ್ನು ತಂದು ಅವರ ಮುಂದೆ ಠಣ್ಣೆಂದು ಕುಕ್ಕಿ, “ಇದೂ ಜರ್ಮನ್ದೇಯ. ಇದ್ನೂ ಬೆಂಕಿಗಾಕಿ. ನೀವ್ ಕುಡ್ಯೋದು ಅಲ್ಲೀಗಂಟ ಕಂಡ್ಬುಟ್ಟಾದು!” ಎಂದಳು. “ಬಾಯ್ಮುಚ್ಚಮ್ಮಿ” ಎಂದರು. ಲೋಟವನ್ನು ಪಕ್ಕಕ್ಕೆ ಸರಿಸಿದರು. ಅದು ಉಳಿಯಿತು.

ಕ್ಯಾಮೆರಾಗಳನ್ನೂ ಸಿಂಬೆಯಾಗಿ ಬಿದ್ದಿದ್ದ ರೋಲುಗಳನ್ನೂ ಒಂದು ಮಂಕರಿಗೆ ತುಂಬಿ ಕಂಬದ ಪಕ್ಕ ಇಟ್ಟರು, ಆಲೆಮನೆಗೆ ಒಯ್ಯಲು ಆಳನ್ನು ಕರೆಯಲು ಹೋದರು. ಆ ಸಣ್ಣ ಸಂದಿನಲ್ಲಿ ಅವ್ವ ಮೊರ ಹಿಡಿದು ಬಂದಳು. ಜೋಡಿಗಣ್ಣಿನದನ್ನು ಮೊರದಲ್ಲಿಟ್ಟು, ಮೇಲೆ ಸೆರಗು ಇಳಿಬಿಟ್ಟು, ಅವಸರವಿಲ್ಲದೆ ಕತ್ತಲೆ ಕೋಣೆಗೆ ನಡೆದಳು. ವಾಡೆಯೊಳಗೆ ರಾಗಿ ಜಾರಿದ ಸದ್ದು ಕೇಳಿಸಿತು. ಹೊರಗೆ ಬಂದಾಗ ನಾನು ಎದುರಿಗಿದ್ದೆ. “ನೀನ್ ಏನೂ ನೋಡ್ಲಿಲ್ಲ ಕಣೇ” ಎಂದಳು. ನಾನು ಏನೂ ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಲೆಮನೆಯ ಒಲೆಗೆ, ಒಣಗಿದ ಕಬ್ಬಿನ ಸಿಪ್ಪೆಯ ಜೊತೆ, ಹಿತ್ತಾಳೆ ಮೂತಿಯದನ್ನೂ ಹಾರ್ಮೋನಿಯಮನ್ನೂ ಹಾಕಿದರು. ತೊಗಲು ಸುರುಟಿತು. ರೋಲುಗಳು ಒಂದು ಸಲ ಭಗ್ಗೆಂದು ಬೆಳ್ಳಗೆ ಹೊತ್ತಿಕೊಂಡು ಕರ್ಪೂರದ ವಾಸನೆ ಬಿಟ್ಟವು. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುತ್ತಿತ್ತು. ಆ ಬೆಲ್ಲವನ್ನು ಊರಿಗೆಲ್ಲ ಹಂಚಿದರು. ಯಾರಿಗೂ ಏನೂ ರುಚಿ ಬೇರೆ ಅನ್ನಿಸಲಿಲ್ಲ.

ಚಿಕ್ಕಪ್ಪ ಆ ವಾರವೇ ಬೆಂಗಳೂರಿಗೆ ಹೋದ. ಅಲ್ಲೊಂದು ಕಾರ್ಖಾನೆ ಸೇರಿದ. ಮತ್ತೆ ಆ ಮನೆಯಲ್ಲಿ ಮಲಗಲಿಲ್ಲ. ನಾನು ಹೈಸ್ಕೂಲಿಗೆ ಮಂಡ್ಯ ಸೇರಿದೆ. ನನ್ನನ್ನು ಓದಿಸಲೇಬೇಕೆಂದು ಹಟ ಹಿಡಿದವಳು ಅವ್ವ. ಅದನ್ನು ತನಗಾಗಿ ಕೇಳಲಿಲ್ಲವಾದ್ದರಿಂದ ಕೊಟ್ಟರು.

ಮರುವರ್ಷದ ಬೇಸಿಗೆಯಲ್ಲಿ ಅವ್ವ ವಿಷಮಶೀತ ಜ್ವರದಿಂದ ತೀರಿಕೊಂಡಳು. ನಾನು ಮಂಡ್ಯದಿಂದ ಬಂದು ತೊಟ್ಟಿಗೆ ಕಾಲಿಟ್ಟಾಗ ಅವಳನ್ನು ಆಗಲೇ ಕುರ್ಚಿಯ ಮೇಲೆ ಕೂರಿಸಿದ್ದರು. ಅದೇ ತೊಟ್ಟಿ. ಅವರೆಕಾಯಿ ಸುಲಿದ ಜಾಗದಿಂದ ಅಷ್ಟು ದೂರವೂ ಇಲ್ಲ. ಕತ್ತು ಹೊರಳದಂತೆ ಹಿಂದಿನಿಂದ ಒಂದು ಬಟ್ಟೆ ಕಟ್ಟಿ ಹೂವಿನಲ್ಲಿ ಮುಚ್ಚಿದ್ದರು. “ಮನೆ ಸೊಸೆದು ಒಂದು ಪಟಾನೂ ಇಲ್ದಂಗೆ ಆಗ್ಬಾರ್ದು” ಎಂದು ದೊಡ್ಡಪ್ಪನೇ ಸ್ಟುಡಿಯೋದವನಿಗೆ ಹೇಳಿಕಳಿಸಿದ್ದರು. ಈ ಮಾತನ್ನು ಅವರು ಆಡಿದರು. ಅವರ ನಾಲಿಗೆ ತಡವರಿಸಲಿಲ್ಲ. ಬದುಕಿದ್ದಾಗ ಯಾವ ಪರಗಂಡಸಿನ ಕಣ್ಣಿಗೆ ಬೀಳಬಾರದೆಂದು ಅವಳ ಮುಖವನ್ನು ಇವರು ಸುಟ್ಟರೋ, ಅದೇ ಗಂಡಸು ಅವಳ ಗದ್ದವನ್ನು ಎರಡು ಬೆರಳಿಂದ ಹಿಡಿದು ಎತ್ತಿ ಸರಿಮಾಡಿದ. ಎಲ್ಲರನ್ನೂ ಕುರ್ಚಿಯ ಸುತ್ತ ನಿಲ್ಲಿಸಿದರು. ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪ ಬೀದಿಯಲ್ಲೇ ನಿಂತ; ಎಷ್ಟು ಕರೆದರೂ ಒಳಗೆ ಬಂದು ನಿಲ್ಲಲಿಲ್ಲ. ನನ್ನನ್ನು ಅಪ್ಪನ ಪಕ್ಕ ನಿಲ್ಲಿಸಿದರು. ಸಾಮಾನು ಕಟ್ಟಿಕೊಳ್ಳುತ್ತ ಸ್ಟುಡಿಯೋದವನು ದೊಡ್ಡಪ್ಪನನ್ನು, “ಕಣ್ಣು ಎಂಗಿದ್ವು ಸ್ವಾಮಿ?” ಎಂದು ಕೇಳಿದ.

“ಎಲ್ರದೂ ಇದ್ದಂಗೇ ಇದ್ವು” ಎಂದರು ದೊಡ್ಡಪ್ಪ.

ಪಟ ಬಂತು. ನೋಡಿದವರೆಲ್ಲ ಹೊಗಳಿದರು. ಎದ್ದು ಬಂದು ಮಾತಾಡಿಸುವ ಹಾಗಿದೆ ಎಂದರು. ನನಗೆ ಅಲ್ಲಿ ಅವಳ ತಂಗಿಯ ಕಣ್ಣುಗಳು ಕಂಡವು, ಎದುರು ಮನೆಯ ಅಜ್ಜಿಯ ಕಣ್ಣುಗಳು ಕಂಡವು. ಜೇನಿನ ಬಣ್ಣ ಎಲ್ಲೂ ಕಾಣಲಿಲ್ಲ. ಆ ವರ್ಷ ವಾಡೆಯ ರಾಗಿ ತಳ ಮುಟ್ಟಿದಾಗ ನಾನೇ ಇಳಿದು ಜೋಡಿಗಣ್ಣಿನದನ್ನು ಮೇಲೆ ತೆಗೆದೆ. ದೊಡ್ಡವ್ವ ಕಂಡರೂ ಕಾಣದ ಹಾಗೆ ದೀಪ ಹಿಡಿದು ನಿಂತಿದ್ದಳು. ಅದರ ಸಂದುಗಳಲ್ಲೆಲ್ಲ ರಾಗಿಯ ಕಾಳು. ಬೂಸು ಮಾತ್ರ ಒಂದಿಷ್ಟೂ ಹಿಡಿದಿರಲಿಲ್ಲ. ಚಿಕ್ಕಪ್ಪನ ಬಳಿಗೆ ಒಯ್ದೆ. ಅವನು ಮೆತ್ತನೆಯ ಕುಂಚದಿಂದ ಒಂದೊಂದೇ ಕಾಳನ್ನು ಬಿಡಿಸಿ, ಗಾಜು ಒರೆಸಿ, ತಿರುಗಿ ನನ್ನ ಕೈಗೇ ಕೊಟ್ಟ. ಅವನಿಗೆ ಅದು ಬೇಡವಾಗಿತ್ತು. ಈಗ ಯುದ್ಧ ಮುಗಿದು, ನಾನು ಕಾಲೇಜು ಓದುವ ಮೈಸೂರಿನ ಅಂಗಡಿಗಳಿಗೆ ರೋಲು ಮತ್ತೆ ಬಂದಿದೆ. ನಾನು ತೆಗೆಯುತ್ತೇನೆ. ಹೆಂಗಸರದ್ದನ್ನೇ ಹೆಚ್ಚು ತೆಗೆಯುತ್ತೇನೆ, ಅದೇ ದಿನ ತೊಳೆಯುತ್ತೇನೆ.

ಈ ಸಂಕ್ರಾಂತಿಗೆ ಅದನ್ನು ಕೊರಳಿಗೆ ಹಾಕಿಕೊಂಡೇ ಊರಿಗೆ ಹೋದೆ. ದೊಡ್ಡಪ್ಪ ಸೊರಗಿದ್ದಾರೆ. ಉಬ್ಬಸ, ಒರಗಿಕೊಂಡೇ ನಿದ್ದೆ. ಕ್ಯಾಮೆರಾವನ್ನು ಬಹಳ ಹೊತ್ತು ನೋಡಿದರು. ಇದು ಹೇಗೆ ಉಳಿಯಿತು ಎಂದು ಕೇಳಲಿಲ್ಲ. ಹಬ್ಬದ ಮರುದಿನ ಹತ್ತಿರ ಕರೆದು, ಗೋಡೆಯ ಮೇಲಿನ ಅವ್ವನ ಪಟದ ಕಡೆ ಕೈ ತೋರಿಸಿ, “ಆ ಮಂಡ್ಯದೋನ್ ಕಣ್ಣು ನಂಗ್ ಬ್ಯಾಡ ಕಣವ್ವ” ಎಂದರು. “ಮನ್ಸ ಮನ್ಸನಂಗೇ ಕಾಣಲ್ಲ. ಉಸ್ರಿರೋವಾಗ್ಲೇ ನಂದೊಂದು ತಗ್ದ್ಬುಡು.”

ಅವ್ವನ ಮಾತೇ. ಹೆಚ್ಚು ಕಡಿಮೆ ಅದೇ ಪದಗಳು. ಅದು ಅವರಿಗೆ ಗೊತ್ತಿರಲಿಲ್ಲ; ಯಾರೂ ಅವರಿಗೆ ಹೇಳಿರಲಿಲ್ಲ. ನನ್ನ ಕಾಲೇಜಿನ ಗೆಳತಿಯರು ಇದನ್ನು ಕೇಳಿದರೆ, ಮುದುಕರು, ತೆಗೆದುಬಿಡಬಾರದಿತ್ತೇ ಎನ್ನುತ್ತಾರೆ. ಅವ್ವ ಇದ್ದಿದ್ದರೆ ತೆಗೆ ಎನ್ನುತ್ತಿದ್ದಳು, ಅದೂ ಗೊತ್ತು. “ರೋಲು ಇದೆ ದೊಡ್ಡಪ್ಪ. ತೆಗೆಯೋದಿಲ್ಲ” ಎಂದೆ. ಧ್ವನಿ ಏರಿಸಲಿಲ್ಲ. ಅವರು ನನ್ನ ಮುಖ ನೋಡಿದರು. ಬಿಸಿಲಿಗೆ ಹಿಡಿದ ರೋಲನ್ನು ನೋಡಿದ ಹಾಗೆಯೇ, ಕಣ್ಣು ಕಿರಿದು ಮಾಡಿಕೊಂಡು. ಏನಾದರೂ ಕಂಡಿತೋ ಇಲ್ಲವೋ ನನಗೆ ತಿಳಿಯದು. ನಾನು ಎದ್ದು ಹಿತ್ತಲಿಗೆ ಹೋದೆ.

ಅಲ್ಲಿ ದೊಡ್ಡವ್ವ ಅವರೆಕಾಯಿ ಸುಲಿಯುತ್ತಿದ್ದಳು. ತೆಗೆಯಲೇ ಎಂದು ಕೇಳಿದೆ. “ತಗಿ, ತಗಿ. ಆಯಸ್ಸು ಕಮ್ಮಿ ಆದ್ರೆ ಆಗ್ಲಿ, ಉಳ್ದಿರೋದಾದ್ರೂ ಎಷ್ಟವ್ವ” ಎಂದು ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡೇ ನಕ್ಕಳು. ಮುಚ್ಚಳ ತೆರೆದು ತಲೆ ತಗ್ಗಿಸಿದೆ. ಉಜ್ಜಿದ ಗಾಜಿನ ಮೇಲೆ ಅವಳು, ಅವಳ ಮೊರ, ಸಿಪ್ಪೆಯ ಗುಡ್ಡೆ. ಒತ್ತಿದೆ, ಹಲ್ಲಿ ಲೊಚಗುಟ್ಟಿತು. ತಲೆ ಎತ್ತದೆಯೇ ಕೇಳಿದೆ: “ಅವ್ವ ನಕ್ಕಾಗ ಎಡಗೆನ್ನೆಗೆ ಗುಳಿ ಬೀಳ್ತಿತ್ತಲ್ಲ ದೊಡ್ಡವ್ವ?”

“ಯಡುಕ್ಕಲ್ಲ ಕಣೇ, ಬಲುಕ್ಕೆ” ಎಂದಳು ದೊಡ್ಡವ್ವ. “ಎತ್ತವ್ವನ್ ಗುಳಿ ಯಾವ್ ಕಡೀಕೆ ಅಂತ ಮರ್ತ್ಬುಟ್ಟಾ? ಎಂತಾ ಮಗಳವ್ವ ನೀನು!”

ನಾನು ಮರೆತಿಲ್ಲ. ಅಷ್ಟು ವರ್ಷ ಅವಳ ಮಡಿಲಲ್ಲೇ ಇದ್ದರೂ, ಅವಳ ಮುಖವನ್ನು ನಾನು ಕಣ್ಣು ತುಂಬ ನೋಡಿದ್ದು ಆ ಒಂದು ಬೆಳಗ್ಗೆ, ಆ ಚೌಕದೊಳಗೆ ಮಾತ್ರ. ಯಾವ ಮಗು ತಾಯಿಯ ಮುಖವನ್ನು ಸುಮ್ಮನೆ ನಿಂತು ನೋಡುತ್ತದೆ? ನೆನಪಿಟ್ಟುಕೊಳ್ಳಬೇಕಾಗಿದ್ದ ಕೆಳಗಿನ ಕಣ್ಣಿನದನ್ನು ಬಿಸಿಲಿಗೆ ಎಳೆದರು. ಬರೀ ನೋಡುವುದಕ್ಕೆಂದು ಇದ್ದ ಮೇಲಿನ ಕಣ್ಣಿನದು ನನ್ನಲ್ಲಿ ಉಳಿದಿದೆ, ಎಡ ಬಲವಾಗಿ, ಬಲ ಎಡವಾಗಿ. ನಡುಮನೆಯ ಗೋಡೆಯ ಮೇಲಿನ ಪಟದಲ್ಲಿ ಎಡವೂ ಬಲವೂ ಸರಿಯಾಗಿವೆ. ಅಲ್ಲಿ ಗುಳಿಯೇ ಇಲ್ಲ.

ದೊಡ್ಡವ್ವ ಹೇಳಿದ ಮೇಲೆ ಎಷ್ಟೋ ಸಲ ಕಣ್ಣು ಮುಚ್ಚಿ ಅದನ್ನು ಬಲಗೆನ್ನೆಗೆ ತರಲು ನೋಡಿದೆ. ತಂದ ಕೂಡಲೇ ಅವ್ವ ನಗುವುದನ್ನು ನಿಲ್ಲಿಸಿಬಿಡುತ್ತಾಳೆ. ಈಗ ಬಿಟ್ಟಿದ್ದೇನೆ. ತೊಟ್ಟಿಯ ಬಿಸಿಲಿನಲ್ಲಿ, ತಪ್ಪು ಕೆನ್ನೆಯ ಗುಳಿಯೊಂದಿಗೆ, ಜೇನಿನ ಕಣ್ಣು ಬಿಟ್ಟುಕೊಂಡು, ನಾನು ಇಲ್ಲೇ ಕೂತಿಲ್ಲವೇನೇ ಎಂದು ಕೇಳುತ್ತಾಳೆ.